ಇಳಿಜಾರಿನಲ್ಲಿ ಸೀಟೂ ಬ್ರೇಕೂ

ತಾವು ಕೊಂಡಿರುವ ಮೌಂಟನ್ ಬೈಕಿಗೆ ಇನ್ನೂ ಬಲವಾದ ಬ್ರೇಕುಗಳನ್ನು ಹಾಕಿಸುವುದು ಲೇಸೋ, ಅಥವಾ ಅದೇ ಹಣದಲ್ಲಿ, ಸವಾರಿಯ ನಡುವೆಯೇ ಸೀಟನ್ನು ಇಳಿಸಿ ಏರಿಸಬಲ್ಲ ಡ್ರಾಪರ್ ಪೋಸ್ಟನ್ನು ಕೂಡಿಸಿಕೊಳ್ಳುವುದು ಲೇಸೋ ಎಂದು ಮಕ್ತಲದ ವಾಚಕರೊಬ್ಬರು ಕೇಳಿದ್ದಾರೆ. ನಾರಾಯಣಪೇಟೆಯಿಂದ ಕೋಯಿಲಕೊಂಡದ ಕಡೆಗಾಗಲಿ, ಮಕ್ತಲದಿಂದ ಕೃಷ್ಣೆಯನ್ನು ದಾಟಿ ಗದ್ವಾಲ, ರಾಯಚೂರುಗಳ ಕಡೆಗಾಗಲಿ ಹೋದವರೆಲ್ಲ ಕಂಡಿರುವ ಆ ಬೋಳುಬಂಡೆಯ ಗುಡ್ಡಗಳಲ್ಲಿ ಸೈಕಲ್ ಇಳಿಸಬೇಕೆಂಬ ಉತ್ಸಾಹಿಗೆ ಈ ಪ್ರಶ್ನೆ ಸಹಜವಾದುದೇ. ಆದರೆ ನಿಲ್ಲಿಸುವುದು ಬ್ರೇಕಿನ ಕೆಲಸ, ಕೂರಿಸುವುದು ಸೀಟಿನ ಕೆಲಸ ಎಂಬ ವಿಭಾಗ ಸಮತಟ್ಟಾದ ರಸ್ತೆಗೆ ಮಾತ್ರ ಸಲ್ಲತಕ್ಕದ್ದು. ಇಳಿಜಾರಿನಲ್ಲಿ ಸೀಟಿನ ಕಂಬವೂ ಬ್ರೇಕಿನ ಒಂದು ಅಂಗವೆಂದೇ ಎಣಿಸಬೇಕು.

ಹೇರಿದ ಎತ್ತಿನ ಬಂಡಿ ಇಳಿಜಾರಿಗೆ ಬಂದೊಡನೆ ಹೇರಿನ ತೂಕ ಅಚ್ಚಿನಿಂದ ಮುಂದಕ್ಕೆ ವಾಲಿ, ನೊಗದ ಮೂಲಕ ಎತ್ತುಗಳ ಹೆಗಲ ಮೇಲೆ ಬೀಳುತ್ತದೆ. ಮುಂಭಾರವಾಯಿತೆಂದು ಬಂಡಿ ಹೊಡೆಯುವವನು ತಾನೇ ಹಿಂದಕ್ಕೆ ಸರಿದು ಕೂರುತ್ತಾನೆ. ಹೇರು ಎಷ್ಟು ಎತ್ತರವೋ ವಾಲುವಿಕೆ ಅಷ್ಟು ಪ್ರಬಲವೆಂಬುದನ್ನು ಅವನು ಪುಸ್ತಕದಿಂದ ಕಲಿತವನಲ್ಲ. ಸೈಕಲ್ಲಿಗಾದರೋ ಆ ಮುಂಭಾರವನ್ನು ಹೊರಲು ಎತ್ತುಗಳಿಲ್ಲ. ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದಾಗ, ಮುಂಗಾಲಿ ನೆಲವನ್ನು ಮುಟ್ಟುವ ಬಿಂದುವಿನ ಸುತ್ತ ಸವಾರನೂ ಸೈಕಲ್ಲೂ ಒಟ್ಟಾಗಿ ಮೊಗಚಿಕೊಳ್ಳಲು ಹವಣಿಸುತ್ತವೆ. ಇಬ್ಬರದೂ ಸೇರಿದ ಗುರುತ್ವಕೇಂದ್ರ ನೆಲದಿಂದ 1.1 ಮೀಟರ್ ಎತ್ತರದಲ್ಲಿ, ಆ ಬಿಂದುವಿಗಿಂತ 0.6 ಮೀಟರ್ ಹಿಂದೆ ಇದೆಯೆಂದಿಟ್ಟುಕೊಂಡರೆ, ಸಮನೆಲದಲ್ಲಿ ಗುರುತ್ವವೇಗೋತ್ಕರ್ಷದ ಸುಮಾರು 0.55 ಭಾಗದಷ್ಟು ಮಾತ್ರ ವೇಗವನ್ನು ತಗ್ಗಿಸಬಹುದು. ಐದಕ್ಕೆ ಒಂದರಂತೆ ಇಳಿಯುವ ಬಂಡೆಯ ಮೇಲೆ ಅದು 0.34ಕ್ಕೆ ಕುಸಿಯುತ್ತದೆ. ಇದಕ್ಕೆ ಮೀರಿದ ಬಲವುಳ್ಳ ಬ್ರೇಕು ಸವಾರನನ್ನು ಹ್ಯಾಂಡಲ್ಲಿನ ಮೇಲಿಂದ ಎಸೆಯಬಲ್ಲುದೇ ಹೊರತು ಹೆಚ್ಚು ಬೇಗ ನಿಲ್ಲಿಸಲಾರದು. ಈಗ ಸೀಟು ಕೆಳಗಿಳಿಯಿತೆನ್ನಿ. ಸವಾರ ಪೆಡಲುಗಳ ಮೇಲೆ ನಿಂತು ಮೊಣಕಾಲು ಮಡಿಸಿ ಹಿಂದಕ್ಕೆ ಸರಿಯಲು ಎಡೆ ದೊರೆತು, ಗುರುತ್ವಕೇಂದ್ರ ಹತ್ತು ಸೆಂಟಿಮೀಟರ್ ತಗ್ಗಿ, ಹತ್ತು ಸೆಂಟಿಮೀಟರ್ ಹಿಂದೆ ಹೋದರೆ, ಅದೇ ಇಳಿಜಾರಿನಲ್ಲಿ ಆ ಮಿತಿ 0.49ಕ್ಕೆ ಏರುತ್ತದೆ. ಬ್ರೇಕನ್ನು ಮುಟ್ಟದೆಯೇ ದೊರೆತ ಲಾಭವಿದು! ಜಾಹೀರಾತುಗಳು ಬ್ರೇಕಿನ ಪಿಸ್ಟನ್‌ಗಳ ಸಂಖ್ಯೆಯನ್ನು ಎಣಿಸುವುದರಲ್ಲೇ ಮಗ್ನವಾಗಿ ಈ ಲೆಕ್ಕವನ್ನು ಹೇಳದಿರುವುದು ನನಗೆ ವಿಷಾದದ ಸಂಗತಿ. ಸಡಿಲವಾದ ಗರಸಿನ ಮೇಲೆ ಮಾತ್ರ ಮೊಗಚುವ ಮುನ್ನವೇ ಗಾಲಿ ಜಾರುವುದರಿಂದ ಅಲ್ಲಿನ ವಿಚಾರ ಬೇರೆ.

ಈ ವಿದ್ಯೆಯ ಚರಿತ್ರೆಯೂ ಬ್ರೇಕಿನ ಸಂಕಟದಿಂದಲೇ ಆರಂಭವಾದುದು. ಕ್ಯಾಲಿಫೋರ್ನಿಯಾದ ಮ್ಯಾರಿನ್ ಪ್ರಾಂತದಲ್ಲಿ 1976ರ ಅಕ್ಟೋಬರಿನಲ್ಲಿ ಕೆಲವು ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದಿಂದ ಪಂದ್ಯವಾಗಿ ಇಳಿಸತೊಡಗಿದರು. ದಾರಿ ಸುಮಾರು 3 ಕಿಲೋಮೀಟರಿನಲ್ಲಿ 400 ಮೀಟರ್ ಇಳಿಯುತ್ತಿತ್ತು. ಸವಾರನೂ ಸೈಕಲ್ಲೂ ಕೂಡಿ 90 ಕಿಲೋ ತೂಗಿದರೆ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಅದರಲ್ಲಿ ಗಾಳಿ ಕಸಿದುಕೊಂಡದ್ದನ್ನು ಕಳೆದರೆ ಉಳಿದುದರ ಬಹುಪಾಲು ಹಿಂಗಾಲಿಯ ಹಬ್ಬಿನೊಳಗಿನ ಬ್ರೇಕಿನಲ್ಲೇ ಶಾಖವಾಗಬೇಕಾಗಿತ್ತು. ಗ್ರೀಸು ಹೊಗೆಯಾಗಿ ಹೋಗುತ್ತಿದ್ದುದರಿಂದ ಪ್ರತಿ ಪಂದ್ಯದ ತರುವಾಯ ಹೊಸದಾಗಿ ತುಂಬಬೇಕಾಗಿ ಬಂದು, ಆ ಪಂದ್ಯಕ್ಕೆ ರೀಪ್ಯಾಕ್ ಎಂದೇ ಹೆಸರಾಯಿತು. ಆ ಗುಂಪಿನ ಜೋ ಬ್ರೀಜ್ ಎಂಬಾತ 1977ರಲ್ಲಿ ಇಂತಹ ಸವಾರಿಗೆಂದೇ ಹೊಸ ಚೌಕಟ್ಟನ್ನು ಕಟ್ಟಿದನು. 1980ರ ದಶಕದಲ್ಲಿ ಜಾಶ್ ಏಂಜೆಲ್‌ನೊಡನೆ ಸೀಟಿನ ಕಂಬಕ್ಕೆ ಸ್ಪ್ರಿಂಗೊಂದನ್ನು ತೊಡಿಸಿ ಓಟದಲ್ಲೇ ಸೀಟನ್ನು ತಗ್ಗಿಸುವ ಉಪಾಯವನ್ನೂ ಬಳಕೆಗೆ ತಂದನು. ಬೆಟ್ಟದ ಈ ಉಪಾಯ ರಸ್ತೆಯ ಪಂದ್ಯಕ್ಕೂ ಬಂದಿದೆ: 2022ರ ಮಿಲಾನ್–ಸಾನ್ ರೆಮೋ ಪಂದ್ಯವನ್ನು ಸ್ಲೊವೇನಿಯದ ಮಾತೇಯ್ ಮೊಹೊರಿಚ್ ಡ್ರಾಪರ್ ಪೋಸ್ಟನ್ನು ಅಳವಡಿಸಿದ ಸೈಕಲ್ಲಿನಲ್ಲಿ, ಕೊನೆಯ ಇಳಿಜಾರಿನಲ್ಲಿ ಎಲ್ಲರನ್ನೂ ಹಿಂದಿಕ್ಕಿ ಗೆದ್ದನು.

ಇಂದಿನ ಅನೇಕ ಡ್ರಾಪರ್ ಪೋಸ್ಟುಗಳೂ ಹೈಡ್ರಾಲಿಕ್ ಬ್ರೇಕುಗಳೂ ದ್ರವವನ್ನು ಅಮುಕಿ ಕುಗ್ಗಿಸಲಾಗದೆಂಬ ಒಂದೇ ಗುಣವನ್ನು ಆಶ್ರಯಿಸಿವೆ. ಕಂಬದೊಳಗಿನ ಎಣ್ಣೆಯ ದಾರಿಯನ್ನು ಕವಾಟವೊಂದು ಮುಚ್ಚಿರುವವರೆಗೆ ಸೀಟು ಅಲುಗದು. ಹ್ಯಾಂಡಲ್ಲಿನ ಸನ್ನೆಯನ್ನು ಒತ್ತಿದೊಡನೆ ಎಣ್ಣೆ ಹರಿದು, ಸವಾರನ ಭಾರಕ್ಕೆ ಸೀಟು ಇಳಿಯುತ್ತದೆ, ಭಾರ ತೆಗೆದರೆ ಅದುಮಿಟ್ಟ ಅನಿಲ ಅದನ್ನು ಮೇಲೆತ್ತುತ್ತದೆ. ಬ್ರೇಕಿನಲ್ಲಿ, ಪ್ಯಾಸ್ಕಲ್ ಮಹಾಶಯನ ನಿಧನಾನಂತರ 1663ರಲ್ಲಿ ಪ್ರಕಟವಾದ ಗ್ರಂಥ ತಿಳಿಸಿದಂತೆ, ಒತ್ತಡ ಎಲ್ಲ ದಿಕ್ಕಿಗೂ ಸಮವಾಗಿ ಹರಡುವುದರಿಂದ, ಬೆರಳಿನ ಕಡೆಯ ಪಿಸ್ಟನ್ 10 ಮಿಲಿಮೀಟರ್ ವ್ಯಾಸದ್ದೂ ಗಾಲಿಯ ಕಡೆಯದು 22 ಮಿಲಿಮೀಟರ್ ವ್ಯಾಸದ್ದೂ ಆದರೆ ಬಲ 4.8 ಪಟ್ಟಾಗುತ್ತದೆ. ಒಂದೇ ಒಂದು ಗಾಳಿಗುಳ್ಳೆ ಒಳಸೇರಿದರೂ ಬೆರಳಿನ ಶ್ರಮ ಅದನ್ನು ಕುಗ್ಗಿಸುವುದರಲ್ಲೇ ವ್ಯಯವಾದೀತು. ಆದಕಾರಣವೇ ಕುಶಲನಾದ ಮೆಕ್ಯಾನಿಕ್ ಬ್ರೇಕಿನ ಹಿಡಿಯ ಮೇಲೆ ಎಣ್ಣೆಯ ಬಟ್ಟಲನ್ನು ಸಿಕ್ಕಿಸಿ, ನಳಿಕೆಯನ್ನು ಪಾನಾದ ಹಿಡಿಯಿಂದ ಮೆಲ್ಲನೆ ತಟ್ಟುತ್ತ, ಹಿಡಿಯನ್ನು ಮತ್ತೆ ಮತ್ತೆ ಒತ್ತಿ, ಸೂಜಿಮೊನೆಯಷ್ಟು ಗುಳ್ಳೆಯೂ ಮೇಲೇಳುವುದು ನಿಲ್ಲುವವರೆಗೆ ಕಾಯುತ್ತಾನೆ.

ಹೀಗಾಗಿ ವಾಚಕರಿಗೆ ನನ್ನ ಸಲಹೆ: ಈಗಿರುವ ಬ್ರೇಕು ಒಂದೇ ಬೆರಳಿನ ಒತ್ತಿಗೆ ಗಾಲಿಯನ್ನು ಹಿಡಿಯುವಷ್ಟು ಸಮರ್ಥವಾಗಿದ್ದರೆ ಮೊದಲು ಡ್ರಾಪರ್ ಪೋಸ್ಟನ್ನೇ ಹಾಕಿಸಿರಿ. ಹಳೆಯ ಕಂಬದ ಮೇಲೆ 27.2, 30.9 ಅಥವಾ 31.6 ಎಂದು ಅಚ್ಚಾಗಿರುವ ವ್ಯಾಸವನ್ನು ಓದಿಕೊಂಡೇ ಕೊಳ್ಳಿರಿ. ಮಿಲಿಮೀಟರಿನ ಅರ್ಧಾಂಶ ತಪ್ಪಿದರೂ ಅದು ಕೂಡದು. ಮುಂದೆ ಬ್ರೇಕನ್ನು ಬದಲಿಸುವಾಗ, ಖನಿಜತೈಲಕ್ಕೆಂದು ಮಾಡಿದ ಬ್ರೇಕಿಗೆ ಮೋಟಾರಿನ ಡಾಟ್ ದ್ರವವನ್ನು ಸರ್ವಥಾ ಹಾಕಿಸಕೂಡದು, ಒಳಗಿನ ರಬ್ಬರ್ ಸೀಲುಗಳು ಕೆಡುತ್ತವೆ. ಹೊಸ ಪ್ಯಾಡುಗಳನ್ನು ಕೂಡಿಸಿದ ಮೇಲೆ ಸಮತಟ್ಟಾದ ದಾರಿಯಲ್ಲಿ ಸಾಧಾರಣ ವೇಗದಿಂದ ಪೂರ್ತಿ ನಿಲ್ಲಿಸದೆ ಇಪ್ಪತ್ತು ಬಾರಿಯಾದರೂ ಬ್ರೇಕು ಹಿಡಿದು ಬಿಟ್ಟು, ಪ್ಯಾಡಿನ ತೆಳುಪದರ ಡಿಸ್ಕಿನ ಮೇಲೆ ಸಮನಾಗಿ ಕೂತ ಬಳಿಕವೇ ಗುಡ್ಡಕ್ಕೆ ಹೋಗಿರಿ.