ಶ್ವಾಸಕೋಶದ ಮದ್ದು, ಹೃದಯದ ಆಸೆ

1955ರಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಮುಖ್ಯಸ್ಥ ಜಾರ್ಜ್ ಮೈಸನ್ ಅವರನ್ನು 13 ವರ್ಷದ ಮಗಳು ಕೇಳಿದಳಂತೆ, ಅಸ್ತಮಾ ಔಷಧವೂ ಹೇರ್‌ಸ್ಪ್ರೇ ಥರ ಡಬ್ಬಿಯಲ್ಲಿ ಯಾಕೆ ಬರಬಾರದು ಅಂತ. ಗಾಜಿನ ನಳಿಗೆಗೆ ಔಷಧ ಸುರಿದು, ರಬ್ಬರ್ ಬುಗ್ಗೆ ಹಿಸುಕಿ ಹಿಸುಕಿ ಎಳೆದುಕೊಳ್ಳುತ್ತಿದ್ದ ಕಾಲ ಅದು. ಮರುವರ್ಷವೇ, ಒತ್ತಿದಾಗಲೆಲ್ಲ ಅಳತೆಯಷ್ಟೇ ಮದ್ದು ಚಿಮ್ಮಿಸುವ ಇನ್‌ಹೇಲರ್ ಮಾರುಕಟ್ಟೆಗೆ ಬಂತು.

ಅದರಲ್ಲಿದ್ದದ್ದು ಉರಿಯೂತ ತಣಿಸುವ ಸ್ಟಿರಾಯ್ಡ್ ಅಲ್ಲ, ಶ್ವಾಸನಾಳ ಹಿಗ್ಗಿಸುವ ಮದ್ದು. ಸ್ಟಿರಾಯ್ಡ್ ಮಾತ್ರೆ ನುಂಗಿದವರ ಮುಖ ಊದುತ್ತಿತ್ತು, ಮೂಳೆ ಸವೆಯುತ್ತಿತ್ತು, ಶುಗರ್ ಏರುತ್ತಿತ್ತು. 1972ರಲ್ಲಿ ಬ್ರಿಟನ್‌ನಲ್ಲಿ ಬೆಕ್ಲೊಮೆಥಸೋನ್ ಎಂಬ ಸ್ಟಿರಾಯ್ಡ್‌ನ ಇನ್‌ಹೇಲರ್ ಬಂದಾಗ ಮಿಲಿಗ್ರಾಂ ಲೆಕ್ಕ ಮೈಕ್ರೋಗ್ರಾಂಗೆ ಇಳಿಯಿತು. ಅಸ್ತಮಾದವರ ಬದುಕೇ ಬದಲಾಯಿತು. ಅದೇ ಬಗೆಯ ಮದ್ದು ಆಮೇಲೆ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆಯ ರೋಗಿಗಳ ಕೈಗೂ ಬಂತು. ಅಲ್ಲಿ ಅದು ಅಷ್ಟು ಸಲೀಸಾಗಿ ಒಗ್ಗಲಿಲ್ಲ.

ಸಿಒಪಿಡಿ ಇದ್ದವರಲ್ಲಿ ಎಷ್ಟೋ ಮಂದಿಯ ಜೀವ ತೆಗೆಯುವುದು ಉಬ್ಬಸವಲ್ಲ, ಹೃದಯದ ಕಾಯಿಲೆ. ಕೆನಡಾದ ಡಾನ್ ಸಿನ್ ಮತ್ತು ಪಾಲ್ ಮ್ಯಾನ್ 2003ರಲ್ಲಿ ಇದಕ್ಕೊಂದು ಕಾರಣ ಮುಂದಿಟ್ಟರು: ಶ್ವಾಸಕೋಶದ ಉರಿಯೂತ ರಕ್ತಕ್ಕೂ ಹರಡಿ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತಿರಬಹುದು. ಹಾಗಿದ್ದರೆ ಮೂಲದಲ್ಲೇ ಉರಿ ತಣಿಸಿದರೆ ಹೃದಯವೂ ಉಳಿಯಬೇಕಲ್ಲ? 2004ರ ಅವರ ಸಣ್ಣ ಪ್ರಯೋಗದಲ್ಲಿ ಸ್ಟಿರಾಯ್ಡ್ ಎಳೆದುಕೊಂಡವರ ಸಿಆರ್‌ಪಿ, ಅಂದರೆ ರಕ್ತದಲ್ಲಿ ಉರಿಯೂತ ತೋರಿಸುವ ಅಂಶ, ಸುಮಾರು ಅರ್ಧಕ್ಕಿಳಿಯಿತು. ಆಸೆ ಚಿಗುರಿತು. 2008ರಲ್ಲಿ ಇನ್ನಷ್ಟು ಜನರ ಮೇಲೆ ನೋಡಿದಾಗ ಆ ಇಳಿಕೆ ಕಾಣಲಿಲ್ಲ. ಅದನ್ನು ಸಿನ್ ತಂಡವೇ ಪ್ರಕಟಿಸಿತು ಎನ್ನುವುದು ನನಗೆ ಇಡೀ ಕತೆಯಲ್ಲಿ ಹೆಚ್ಚು ಹಿಡಿಸಿದ ಸಂಗತಿ.

ನಡುವೆ 2007ರಲ್ಲಿ ಟಾರ್ಚ್ ಎಂಬ ದೊಡ್ಡ ಸಿಒಪಿಡಿ ಪ್ರಯೋಗದ ಫಲಿತಾಂಶ ಬಂತು. 6,000ಕ್ಕೂ ಹೆಚ್ಚು ರೋಗಿಗಳು, 3 ವರ್ಷ. ಸ್ಟಿರಾಯ್ಡ್ ಜತೆಗೆ ಶ್ವಾಸನಾಳ ಹಿಗ್ಗಿಸುವ ಮದ್ದೂ ಸೇರಿದ ಇನ್‌ಹೇಲರ್ ಪಡೆದವರಲ್ಲಿ ಸಾವು ಕಡಿಮೆಯೇ ಇತ್ತು. ಆದರೆ ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಗಡಿಯನ್ನು ಕೂದಲೆಳೆಯಲ್ಲಿ ಮುಟ್ಟದೆ ಹೋಯಿತು. ಅದು ಬರೀ ಆಕಸ್ಮಿಕವಲ್ಲ ಎನ್ನಲು ಪಿ-ಮೌಲ್ಯ 0.05ಕ್ಕಿಂತ ಕೆಳಗಿರಬೇಕಿತ್ತು, ಬಂದದ್ದು 0.052. ಮೇಲಾಗಿ ನ್ಯುಮೋನಿಯಾ ಹೆಚ್ಚಿತ್ತು.

ಹೃದಯದ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡದ್ದು ಸಮಿಟ್ ಎಂಬ ಪ್ರಯೋಗ: 43 ದೇಶ, 16,000ಕ್ಕೂ ಹೆಚ್ಚು ಜನ, ಎಲ್ಲರಿಗೂ ಸಿಒಪಿಡಿ ಜತೆ ಹೃದಯದ ಅಪಾಯ. 2016ರಲ್ಲಿ ಉತ್ತರ ಬಂತು. ಸ್ಟಿರಾಯ್ಡ್ ಇನ್‌ಹೇಲರ್ ಹೃದಯಾಘಾತವನ್ನೂ ಪಾರ್ಶ್ವವಾಯುವನ್ನೂ ತಡೆದದ್ದು ಸಾಬೀತಾಗಲಿಲ್ಲ, ಸಾವನ್ನೂ ಅಷ್ಟೇ.

ಅದೇ ಸಮಿಟ್‌ನ ಕಡತ ಕೆದಕಿದವರಿಗೆ ಇನ್ನೊಂದು ಸಿಕ್ಕಿತು. ಸಿಒಪಿಡಿ ಉಲ್ಬಣಿಸಿದ ಮೊದಲ 30 ದಿನಗಳಲ್ಲಿ ಹೃದಯ, ರಕ್ತನಾಳಗಳ ಅವಘಡದ ಸಂಭವ ಸುಮಾರು ನಾಲ್ಕು ಪಟ್ಟು. ಉಲ್ಬಣವನ್ನು ತಗ್ಗಿಸುವುದರಲ್ಲಿ ಸ್ಟಿರಾಯ್ಡ್ ನಿಜಕ್ಕೂ ಗಟ್ಟಿಗ, ಅದರಲ್ಲೂ ಪ್ರತಿ ಮೈಕ್ರೋಲೀಟರ್ ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ 300 ದಾಟಿದವರಲ್ಲಿ. 100ಕ್ಕಿಂತ ಕಡಿಮೆಯಿದ್ದರೆ ವೈದ್ಯರು ಕೊಡಲು ಹಿಂಜರಿಯುತ್ತಾರೆ. ಹೃದಯಕ್ಕೆ ಲಾಭವಿದ್ದರೆ ಈ ಸುತ್ತುದಾರಿಯಲ್ಲೇ ಇರಬೇಕು.

ಟಾರ್ಚ್, ಸಮಿಟ್ ಎರಡಕ್ಕೂ ಸೇರಲು ದಿನಕ್ಕೊಂದು ಪ್ಯಾಕ್‌ನಂತೆ ಕನಿಷ್ಠ 10 ವರ್ಷ ಸಿಗರೇಟು ಸೇದಿದಷ್ಟು ಚಟ ಇರಬೇಕಿತ್ತು. ಸೌದೆ ಒಲೆ ಊದಿ ಊದಿ ಇದೇ ಕಾಯಿಲೆ ಅಂಟಿಸಿಕೊಂಡ, ಬೀಡಿ ಮುಟ್ಟದ ನಮ್ಮ ಹಳ್ಳಿಯ ಹೆಂಗಸರು ಆ ಲೆಕ್ಕದಲ್ಲಿಲ್ಲ.