ಅಶ್ವಶಕ್ತಿಯ ಚೀಟಿ: ನಂಬುವ ಮೊದಲು ತಾಳೆ ನೋಡಿ



ಅಮೆರಿಕದಲ್ಲಿ ಸ್ಪೋರ್ಟ್ಸ್ ಕಾರುಗಳ ಹುಚ್ಚು ಹಿಡಿದವರು ಬಹಳ ಮಂದಿ. ಕಂಪನಿಯಿಂದ ಬಂದ ಕಾರು ಅವರಿಗೆ ಸಾಲದು. ಗಾಳಿ ಒಳಗೆ ಹೋಗುವ ಕೊಳವೆ ಬದಲಿಸುತ್ತಾರೆ, ಸೈಲೆನ್ಸರ್ ಬದಲಿಸುತ್ತಾರೆ, ಟರ್ಬೊ ಕೂಡಿಸುತ್ತಾರೆ, ಎಂಜಿನನ್ನು ಆಳುವ ಕಂಪ್ಯೂಟರನ್ನು ತಿದ್ದಿಸುತ್ತಾರೆ. ಇದಕ್ಕೆಲ್ಲ ಸಾವಿರಾರು ಡಾಲರ್ ಖರ್ಚು. ಕೆಲಸ ಮುಗಿದ ಮೇಲೆ ಕಾರನ್ನು ಒಂದು ಯಂತ್ರದ ಮೇಲೆ ಓಡಿಸಿ ಚೀಟಿ ಕೊಡುತ್ತಾರೆ: "ನಿಮ್ಮ ಕಾರಿನ ಶಕ್ತಿ ಈಗ 400 ಎಚ್.ಪಿ." ಕೊಟ್ಟ ಹಣಕ್ಕೆ ಆ ಚೀಟಿಯೇ ರಸೀದಿ. ಮುಂದೆ ಕಾರು ಮಾರುವಾಗಲೂ ಅದನ್ನೇ ತೋರಿಸಿ ಬೆಲೆ ಏರಿಸುತ್ತಾರೆ. ನಮ್ಮ ಕಡೆಯ ಹುಡುಗರೂ ಇಂಥ ಚೀಟಿಗಳನ್ನು ಮೊಬೈಲಿನಲ್ಲಿ ನೋಡಿ ಬೆರಗಾಗುವುದುಂಟು.

ಆ ಯಂತ್ರದ ಹೆಸರು ಡೈನಮೋಮೀಟರ್. ಬಳಕೆಯಲ್ಲಿ ಡೈನೊ. ಅದು ಕೊಡುವ ಅಂಕಿಯನ್ನು ಎಷ್ಟು ನಂಬಬೇಕು, ಹೇಗೆ ಪರೀಕ್ಷಿಸಬೇಕು ಎಂಬುದೇ ಇಂದಿನ ವಿಷಯ. ಇದು ಎಂಜಿನಿಯರುಗಳಿಗೆ ಮಾತ್ರ ಮೀಸಲಾದ ಸಂಗತಿಯಲ್ಲ. ಮ್ಯಾಟ್ರಿಕ್ ಓದಿ ಬ್ಯಾಂಕಿನಲ್ಲಿ ಲೆಜರ್ ಬರೆದ ನನ್ನಂಥವನಿಗೂ ತಿಳಿಯುವ ಲೆಕ್ಕ ಇದು.

ಮೊದಲು ಅಶ್ವಶಕ್ತಿ ಎಂದರೇನು ನೋಡೋಣ. ಹೊಲದ ಬಾವಿಯ ಮೇಲೆ 5 ಎಚ್.ಪಿ. ಮೋಟಾರು ಕೂರಿಸಿದವರಿಗೆ ಈ ಮಾತು ಹೊಸದಲ್ಲ. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್, ತನ್ನ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆಂದು ಗಿರಾಕಿಗಳಿಗೆ ತಿಳಿಸಲು ಈ ಅಳತೆಯನ್ನು ಗೊತ್ತುಮಾಡಿದ. 33,000 ಪೌಂಡು ಭಾರವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತಿದರೆ ಅದು ಒಂದು ಅಶ್ವಶಕ್ತಿ. ಯುರೋಪು ಮತ್ತು ಜಪಾನಿನಲ್ಲಿ ಬಳಸುವ ಮೆಟ್ರಿಕ್ ಅಶ್ವಶಕ್ತಿ ತುಸು ಚಿಕ್ಕದು: 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವಷ್ಟು. ಆದ್ದರಿಂದ ಬ್ರಿಟಿಷ್ ಲೆಕ್ಕದ 100, ಮೆಟ್ರಿಕ್ ಲೆಕ್ಕದಲ್ಲಿ 101.4 ಆಗುತ್ತದೆ. ಅಂದರೆ ಕಾರು ಅಲ್ಲಾಡದೆ ನಿಂತಲ್ಲೇ ನಿಂತಿದ್ದರೂ ಅಂಕಿ ಏರಬಹುದು!

ಇನ್ನು ಡೈನೊ ಕೆಲಸ ಮಾಡುವ ಬಗೆ. ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ, ತೂಕ ಗೊತ್ತಿರುವ ಭಾರವಾದ ಉಕ್ಕಿನ ಉರುಳೆಯ ಮೇಲೆ ಕಾರಿನ ಚಕ್ರಗಳನ್ನು ನಿಲ್ಲಿಸಿ, ಕಾರನ್ನು ಪಟ್ಟಿಗಳಿಂದ ಬಿಗಿದು ಕಟ್ಟಿ, ಪೂರ್ಣ ಆಕ್ಸಿಲರೇಟರ್ ಒತ್ತುತ್ತಾರೆ. ಉರುಳೆ ಎಷ್ಟು ಬೇಗ ವೇಗ ಹಿಡಿಯಿತು ಎಂಬುದರಿಂದ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಬೀಸುವ ಕಲ್ಲನ್ನು ಯಾರು ಎಷ್ಟು ಬೇಗ ಗಿರ್ರನೆ ತಿರುಗಿಸುತ್ತಾರೆಂದು ನೋಡಿ ರಟ್ಟೆಯ ಬಲ ಅಳೆದ ಹಾಗೆ. ಡೈನೋಜೆಟ್ ಕಂಪನಿಯ ಯಂತ್ರಗಳು ಈ ಬಗೆಗೆ ಹೆಸರಾದವು. ಇನ್ನೊಂದು ಜಾತಿಯಲ್ಲಿ ಉರುಳೆಗೆ ವಿದ್ಯುತ್ ಬ್ರೇಕು ಹಾಕಿ, ಕಾರು ಎಷ್ಟು ಬಲದಿಂದ ಅದನ್ನು ಎದುರಿಸುತ್ತದೆಂದು ಅಳೆಯುತ್ತಾರೆ. ಮಸ್ಟಾಂಗ್ ಎಂಬ ಹೆಸರಿನ ಡೈನೊ ಈ ಬಗೆಯದು. ಸಾಮಾನ್ಯವಾಗಿ ಇದು ಡೈನೋಜೆಟ್‌ಗಿಂತ ಕಡಿಮೆ ತೋರಿಸುತ್ತದೆ. ಅದೇ ಕಾರು, ಅದೇ ಊರು, ಆದರೆ ಎರಡು ಅಂಗಡಿಯಲ್ಲಿ ಎರಡು ಅಂಕಿ. ಹಾಗಾಗಿ ಒಂದು ಯಂತ್ರದ ಚೀಟಿಯನ್ನು ಇನ್ನೊಂದು ಯಂತ್ರದ ಚೀಟಿಯೊಡನೆ ಹೋಲಿಸುವುದು, ಒಂದು ಅಂಗಡಿಯ ತಕ್ಕಡಿಗೆ ಇನ್ನೊಂದು ಅಂಗಡಿಯ ಬಟ್ಟು ಹಾಕಿದಂತೆ.

ಚೀಟಿ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಎಲ್ಲಿ ಅಳೆದದ್ದು? ಕಂಪನಿಯವರು ಹೇಳುವ ಶಕ್ತಿ ಎಂಜಿನಿನ ಬಾಯಿಯಲ್ಲಿ ಅಳೆದದ್ದು. ಉರುಳೆ ಅಳೆಯುವುದು ಚಕ್ರಕ್ಕೆ ತಲುಪಿದ ಶಕ್ತಿಯನ್ನು. ನಡುವೆ ಗೇರುಗಳು, ಅವು ಮುಳುಗಿರುವ ಎಣ್ಣೆ, ಬೇರಿಂಗುಗಳು, ಟೈರುಗಳು ತಮ್ಮ ಪಾಲು ತಿನ್ನುತ್ತವೆ. ಈ ನಷ್ಟ ನೂರಕ್ಕೆ 15 ಎಂದು ಹಿಡಿಯುವುದು ವಾಡಿಕೆ. 300 ಎಚ್.ಪಿ. ಎಂಜಿನು ಚಕ್ರದಲ್ಲಿ 255 ತೋರಿಸಿತು ಎನ್ನಿ. ನಷ್ಟ 45. ಮಾರ್ಪಾಡಿನ ನಂತರ ಚಕ್ರದಲ್ಲಿ 340 ಬಂತು. ಅಂಗಡಿಯವನು ಅದೇ ನೂರಕ್ಕೆ 15ರ ಲೆಕ್ಕ ಹಾಕಿ, ಎಂಜಿನು 400 ಕೊಡುತ್ತಿದೆ, 100 ಹೆಚ್ಚಾಯಿತು ಎಂದು ಬರೆಯುತ್ತಾನೆ. ಈ ಲೆಕ್ಕದಂತೆ ನಷ್ಟ 45ರಿಂದ 60ಕ್ಕೆ ಏರಬೇಕು. ಗೇರು ಪೆಟ್ಟಿಗೆ ಹಳೆಯದೇ, ಎಣ್ಣೆ ಹಳೆಯದೇ. ಭಾರ ಹೆಚ್ಚಿದಂತೆ ನಷ್ಟದ ಒಂದು ಭಾಗ ಹೆಚ್ಚುವುದು ನಿಜ. ಆದರೆ ಇನ್ನೊಂದು ಭಾಗ ವೇಗವನ್ನು ಅವಲಂಬಿಸಿದ್ದು, ಅದು ಹೆಚ್ಚುವುದಿಲ್ಲ. ಯಂತ್ರ ಅಳೆದ ಹೆಚ್ಚಳ 85 ಮಾತ್ರ. ಉಳಿದ 15ನ್ನು ಕೂಡಿಸಿದ್ದು ಪೆನ್ನು. ಆದ್ದರಿಂದ ಚಕ್ರದ ಅಂಕಿಯನ್ನು ಚಕ್ರದ ಅಂಕಿಯೆಂದೇ ಬರೆದ ಚೀಟಿ ಹೆಚ್ಚು ಪ್ರಾಮಾಣಿಕ.

ಎರಡನೆಯ ಪ್ರಶ್ನೆ: ಗಾಳಿಯ ಲೆಕ್ಕ ಯಾವುದು? ಎಂಜಿನು ಉಸಿರಾಡುತ್ತದೆ. ತಣ್ಣನೆಯ, ದಟ್ಟವಾದ ಗಾಳಿಯಲ್ಲಿ ಹೆಚ್ಚು ಶಕ್ತಿ. ಬಿಸಿಲಿನಲ್ಲಿ, ಬೆಟ್ಟದ ಮೇಲೆ ಕಡಿಮೆ. ನೀಲಗಿರಿಯ ಕೇಳುಗರಿಗೆ ಏದುಸಿರು ಬಿಡುತ್ತ ಘಾಟಿ ಹತ್ತುವ ಹಳೆಯ ಲಾರಿಗಳು ಗೊತ್ತು. ಆದವಾನಿಯ ಹತ್ತಿ ಬೆಳೆಗಾರರಿಗೆ ಇನ್ನೊಂದು ಗೊತ್ತು: ಇಬ್ಬನಿಯಲ್ಲಿ ಬಿಡಿಸಿದ ಹತ್ತಿ ಹೆಚ್ಚು ತೂಗುತ್ತದೆ, ಒಣಗಿದ ಮೇಲೆ ಅದೇ ಹತ್ತಿ ಕಡಿಮೆ ತೂಗುತ್ತದೆ. ತೇವದ ಲೆಕ್ಕ ತೆಗೆಯದೆ ತೂಕ ಹೇಳಿದರೆ ನ್ಯಾಯವಲ್ಲ. ಡೈನೊದಲ್ಲೂ ಹಾಗೆ ಹವೆಯ ಲೆಕ್ಕ ತೆಗೆದು ಅಂಕಿಯನ್ನು ತಿದ್ದುತ್ತಾರೆ. ಆದರೆ ತಿದ್ದುವ ಸೂತ್ರಗಳು ಹಲವು. ಎಸ್.ಎ.ಇ. ಎಂಬ ಎಂಜಿನಿಯರುಗಳ ಸಂಸ್ಥೆಯ ಈಗಿನ ಸೂತ್ರ 25 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಆಧಾರವಾಗಿ ಹಿಡಿಯುತ್ತದೆ. ಎಸ್.ಟಿ.ಡಿ. ಎಂದು ಚೀಟಿಯಲ್ಲಿ ಕಾಣುವ ಹಳೆಯ ಸೂತ್ರ ಸುಮಾರು 15.5 ಡಿಗ್ರಿಯ ತಣ್ಣನೆಯ ಗಾಳಿಯನ್ನೂ ಹೆಚ್ಚಿನ ವಾಯುಭಾರವನ್ನೂ ಹಿಡಿಯುತ್ತದೆ. ಇದರಿಂದ ಅಂಕಿ ನೂರಕ್ಕೆ ಸುಮಾರು 4 ಹೆಚ್ಚು ಬರುತ್ತದೆ. 400 ಇದ್ದದ್ದು 416. ಒಂದು ಗುಂಡಿ ಒತ್ತಿದರೆ ಸಾಕು, ಸ್ಪ್ಯಾನರ್ ಮುಟ್ಟಬೇಕಾಗಿಲ್ಲ.

ಟರ್ಬೊ ಕಾರುಗಳಲ್ಲಿ ಇದು ಇನ್ನೂ ತೊಡಕು. ಅಮೆರಿಕದ ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಸಾಮಾನ್ಯ ಎಂಜಿನು ಅಲ್ಲಿ ಆರರಲ್ಲಿ ಒಂದು ಪಾಲಿನಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸೂತ್ರ ಅದನ್ನು ತುಂಬಿಕೊಡುತ್ತದೆ. ಆದರೆ ಟರ್ಬೊ ಗಾಳಿಯನ್ನು ತಾನೇ ಒತ್ತಿ ತುಂಬುವುದರಿಂದ ಅಷ್ಟು ನಷ್ಟವಾಗಿರುವುದಿಲ್ಲ. ಅದಕ್ಕೂ ಅದೇ ಸೂತ್ರ ಹಾಕಿದರೆ, ಕಳೆದುಕೊಳ್ಳದ ಹಣಕ್ಕೆ ಪರಿಹಾರ ಕೊಟ್ಟಂತಾಗುತ್ತದೆ.

ಮೂರನೆಯ ಪ್ರಶ್ನೆ: ಮಾರ್ಪಾಡಿಗೆ ಮುಂಚಿನ ಚೀಟಿ ಎಲ್ಲಿ? ಅದೇ ಯಂತ್ರದಲ್ಲಿ, ಆದಷ್ಟು ಅದೇ ದಿನ, ಅದೇ ಗೇರಿನಲ್ಲಿ, ಟೈರಿನಲ್ಲಿ ಅಷ್ಟೇ ಗಾಳಿ ತುಂಬಿ, ಎಂಜಿನು ಅಷ್ಟೇ ಬಿಸಿ ಇರುವಾಗ, ಮುಂದೆ ಅದೇ ಫ್ಯಾನ್ ಇಟ್ಟು, ಮೊದಲು ಮೂರು ಸಲ, ನಂತರ ಮೂರು ಸಲ ಓಡಿಸಿದ್ದರೆ ಆ ವ್ಯತ್ಯಾಸಕ್ಕೆ ಬೆಲೆಯಿದೆ. ಒಂದೇ ಕಾರನ್ನು ಬೆನ್ನುಬೆನ್ನಿಗೆ ಓಡಿಸಿದರೂ ನೂರಕ್ಕೆ ಒಂದೆರಡು ಅತ್ತಿತ್ತ ಆಗುತ್ತದೆ. ಆದ್ದರಿಂದ 300 ಎಚ್.ಪಿ. ಕಾರಿಗೆ ಒಂದು ಏರ್ ಫಿಲ್ಟರ್ ಹಾಕಿ "4 ಎಚ್.ಪಿ. ಏರಿತು" ಎಂದರೆ ಅದು ಏರಿಕೆಯೋ ಅಳತೆಯ ತೂಗಾಟವೋ ಹೇಳಲಾಗದು. ಉರುಳೆಯ ಡೈನೊದಲ್ಲಿ ಇನ್ನೊಂದು ವಿಚಿತ್ರ: ಹಗುರವಾದ ಚಕ್ರ ಹಾಕಿದರೂ ಅಂಕಿ ಏರುತ್ತದೆ. ಎಂಜಿನು ಬದಲಾಗಿಲ್ಲ, ಚಕ್ರವನ್ನೇ ತಿರುಗಿಸಲು ಬೇಕಾದ ಶ್ರಮ ಕಡಿಮೆಯಾಗಿದೆ, ಅಷ್ಟೆ.

ಚೀಟಿಯ ಗ್ರಾಫನ್ನೂ ಓದಬೇಕು. ಅದರಲ್ಲಿ ಎರಡು ಗೆರೆ: ಒಂದು ಅಶ್ವಶಕ್ತಿ, ಇನ್ನೊಂದು ತಿರುಗುಬಲ, ಅಂದರೆ ಟಾರ್ಕ್. ಪೌಂಡು–ಅಡಿಯ ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 5,252ರಿಂದ ಭಾಗಿಸಿದರೆ ಅಶ್ವಶಕ್ತಿ. ಆದ್ದರಿಂದ 5,252 ಸುತ್ತಿನಲ್ಲಿ ಎರಡೂ ಅಂಕಿ ಒಂದೇ ಆಗಲೇಬೇಕು. ಎರಡು ಗೆರೆಗೂ ಒಂದೇ ಮಾಪನ ಹಾಕಿದ್ದು, ಅವು ಅಲ್ಲಿ ಕೂಡದಿದ್ದರೆ, ಆ ಚೀಟಿಯನ್ನು ಮಡಚಿ ಹಿಂದಕ್ಕೆ ಕೊಡಬಹುದು.

ಇನ್ನು ನನ್ನ ಕಸುಬಿನ ಮಾತು: ತಾಳೆ. ಒಂದೇ ಪುಸ್ತಕ ನೋಡಿ ಬಾಕಿ ಒಪ್ಪಬಾರದು. ಡೈನೊ ಒಂದು ಪುಸ್ತಕವಾದರೆ, ಕಾಲು ಮೈಲಿ ಓಟ ಇನ್ನೊಂದು. ನಿಂತಲ್ಲಿಂದ ಹೊರಟು 402 ಮೀಟರ್ ಮುಗಿಸುವಾಗ ಕಾರಿನ ವೇಗ ಗಂಟೆಗೆ ಎಷ್ಟು ಮೈಲಿ ಎಂದು ನೋಡಿ, ಅದನ್ನು 234ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಎರಡು ಬಾರಿ ಗುಣಿಸಿ, ಚಾಲಕನೂ ಸೇರಿದ ಪೌಂಡು ತೂಕದಿಂದ ಗುಣಿಸಿದರೆ ಸುಮಾರು ಅಶ್ವಶಕ್ತಿ ಸಿಗುತ್ತದೆ. 3,400 ಪೌಂಡಿನ ಕಾರು 110 ಮೈಲಿ ವೇಗದಲ್ಲಿ ಗೆರೆ ದಾಟಿದರೆ ಅದರ ಶಕ್ತಿ 353ರ ಆಸುಪಾಸು. 500 ಎಂದು ಚೀಟಿ ಹೇಳುವುದಾದರೆ ವೇಗ 123 ಮೈಲಿ ದಾಟಬೇಕಿತ್ತು. ಚಾಲಕ ಹೊರಡುವಾಗ ತಡವರಿಸಿದರೆ ಓಟದ ಸಮಯ ಹೆಚ್ಚು ಕೆಡುತ್ತದೆ, ಕೊನೆಯ ವೇಗ ಅಷ್ಟಾಗಿ ಕೆಡುವುದಿಲ್ಲ. ಅದಕ್ಕೇ ಬಲ್ಲವರು ವೇಗವನ್ನು ನೋಡುತ್ತಾರೆ.

ಮೂರನೆಯ ಪುಸ್ತಕ ಪೆಟ್ರೋಲಿನದು. ಒಂದು ಎಚ್.ಪಿ. ಶಕ್ತಿಯನ್ನು ಒಂದು ಗಂಟೆ ಕೊಡಲು ಸುಮಾರು ಅರ್ಧ ಪೌಂಡು ಪೆಟ್ರೋಲು ಬೇಕು. ಫೋರ್ಡ್ ಕಂಪನಿಯ 1987ರಿಂದ 1992ರವರೆಗಿನ 5 ಲೀಟರಿನ ಮಸ್ಟಾಂಗ್ ಕಾರಿಗೆ 225 ಎಚ್.ಪಿ. ಎಂದು ಹೇಳಿದ್ದರು. ಅದರ ಎಂಟು ಇಂಜೆಕ್ಟರುಗಳು ಒಂದೊಂದೂ ಗಂಟೆಗೆ 19 ಪೌಂಡು ಪೆಟ್ರೋಲು ಬಿಡಬಲ್ಲವು. ಒಟ್ಟು 152 ಪೌಂಡು. ಪೂರ್ತಿ ತೆರೆದೇ ಇಟ್ಟರೂ 304 ಎಚ್.ಪಿ.ಗೆ ಮಾತ್ರ ಸಾಲುತ್ತದೆ. ಇಂಜೆಕ್ಟರೂ ಬದಲಿಸದೆ, ಪೆಟ್ರೋಲಿನ ಒತ್ತಡವನ್ನೂ ಏರಿಸದೆ 400 ಬಂತು ಎನ್ನುವವನಿಗೆ ಕೇಳಬೇಕಾದ್ದು ಇಷ್ಟೇ: ಜಮೆಯೇ ಇಲ್ಲದೆ ಖರ್ಚು ಎಲ್ಲಿಂದ ಬಂತು ಸ್ವಾಮಿ?

ಅಂಕಿಯ ಆಟ ಆಡಿದವರು ಗ್ಯಾರೇಜಿನವರು ಮಾತ್ರವಲ್ಲ. ಅಮೆರಿಕದಲ್ಲಿ 1971ರವರೆಗೆ ಎಂಜಿನನ್ನು ಕಾರಿನಿಂದ ಹೊರಗಿಟ್ಟು, ಕಾರಿನ ಸೈಲೆನ್ಸರ್ ಮುಂತಾದ ಹೊರೆಗಳಿಲ್ಲದೆ ಅಳೆದ "ಗ್ರಾಸ್" ಶಕ್ತಿಯನ್ನು ಜಾಹೀರಾತಿನಲ್ಲಿ ಹಾಕುವುದು ವಾಡಿಕೆಯಾಗಿತ್ತು. 1972ರಿಂದ "ನೆಟ್" ಲೆಕ್ಕ ಬಂತು. 1971ರ ಸಾಧಾರಣ ಕಾರ್ವೆಟ್ ಕಾರಿಗೆ 270 ಎಂದಿದ್ದದ್ದು 1972ರಲ್ಲಿ 200 ಆಯಿತು. ಎಂಜಿನು ಬಹುಪಾಲು ಅದೇ. ಜಪಾನಿನಲ್ಲಿ ಇದು ತಿರುಗುಮುರುಗು. ಅಲ್ಲಿನ ಕಂಪನಿಗಳು 2004ರವರೆಗೆ ಯಾವ ಕಾರಿಗೂ 280ಕ್ಕಿಂತ ಹೆಚ್ಚು ಶಕ್ತಿ ಹೇಳಬಾರದೆಂದು ತಮ್ಮತಮ್ಮಲ್ಲೇ ಒಪ್ಪಿಕೊಂಡಿದ್ದವು. ಕೆಲವು ಕಾರುಗಳಲ್ಲಿ ನಿಜವಾದ ಶಕ್ತಿ ಅದಕ್ಕಿಂತ ಹೆಚ್ಚೇ ಇತ್ತು.

ಹಾಗೆಂದು ಡೈನೊ ಕೇವಲ ಮರುಳುಮಾಡುವ ಯಂತ್ರವಲ್ಲ. ಸರಿಯಾಗಿ ಬಳಸಿದರೆ ಅದು ಸಾಮಾನ್ಯ ಗಿರಾಕಿಯ ಕೈಯ ಕೋಲು. ಫೋರ್ಡ್ ಕಂಪನಿ 1999ರ ಮಸ್ಟಾಂಗ್ ಕೋಬ್ರಾ ಕಾರಿಗೆ 320 ಎಚ್.ಪಿ. ಎಂದು ಹೇಳಿತ್ತು. ಕೊಂಡವರು ತಮ್ಮ ಕಾರುಗಳನ್ನು ಡೈನೊಗೆ ಒಯ್ದರು. ಅಂಕಿ ತಾಳೆಯಾಗಲಿಲ್ಲ. ಒಬ್ಬಿಬ್ಬರ ದೂರಾಗಿದ್ದರೆ ಯಂತ್ರದ ತಪ್ಪು ಎನ್ನಬಹುದಿತ್ತು. ಹಲವರ ಕಾರುಗಳೂ ಅದನ್ನೇ ಹೇಳಿದವು. ಆ ವರ್ಷದ ಆಗಸ್ಟಿನಲ್ಲಿ ಕಂಪನಿ ಮಾರಾಟ ನಿಲ್ಲಿಸಿತು. ಮಾರಿದ ಕಾರುಗಳನ್ನು ಹಿಂದಕ್ಕೆ ಕರೆಸಿ, ಗಾಳಿಯ ಮ್ಯಾನಿಫೋಲ್ಡ್, ಎಂಜಿನ್ ಕಂಪ್ಯೂಟರ್, ಸೈಲೆನ್ಸರ್ ಭಾಗಗಳನ್ನು ಬದಲಿಸಿಕೊಟ್ಟಿತು. 2001ರ ಮಾಜ್ದಾ ಮಿಯಾಟ ಕಾರಿಗೆ ಹೇಳಿದ್ದು 155. ಕಡೆಗೆ ಕಂಪನಿಯೇ ಅದನ್ನು 142ಕ್ಕೆ ಇಳಿಸಿ, ಬೇಡವೆನ್ನುವವರಿಂದ ಕಾರನ್ನು ವಾಪಸು ಕೊಳ್ಳುವುದಾಗಿ ಹೇಳಿತು. ಮುಂದೆ 2005ರಲ್ಲಿ ಎಸ್.ಎ.ಇ. ಸಂಸ್ಥೆ, ಹೊರಗಿನ ಸಾಕ್ಷಿಯ ಎದುರಿನಲ್ಲಿ ಎಂಜಿನನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪದ್ಧತಿ ತಂದಿತು. ಅದರಲ್ಲಿ ಮೊದಲು ಪಾಸಾದದ್ದು ಕಾರ್ವೆಟ್ ಜಡ್ 06 ಕಾರಿನ ಎಂಜಿನು: 505 ಎಚ್.ಪಿ.

ಇಷ್ಟನ್ನು ನೆನಪಿಡಿ. ಒಂಟಿ ಅಂಕಿಗೆ ಬೆಲೆಯಿಲ್ಲ. ಎಲ್ಲಿ ಅಳೆದದ್ದು, ಯಾವ ಯಂತ್ರ, ಯಾವ ಸೂತ್ರ, ಮುಂಚಿನ ಚೀಟಿ ಯಾವುದು, ಓಟದಲ್ಲಿ ಎಷ್ಟು ವೇಗ, ಪೆಟ್ರೋಲು ಸಾಲುತ್ತದೆಯೇ? ಈ ಆರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಹಣ ಎಣಿಸಿ. ಪ್ರಾಮಾಣಿಕ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಅವನ ಬಳಿ ಎರಡೂ ಚೀಟಿ ತಯಾರಿರುತ್ತವೆ.