ಪ್ರಾರ್ಥನೆ ಸಾಲಿನ ಮೊದಲ ಮಗು

ಶಾಲೆಯಲ್ಲಿ ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಾರೆ. ಎಲ್ಲರಿಗಿಂತ ಗಿಡ್ಡ ಇರುವ ಮಗು ಎಲ್ಲರಿಗಿಂತ ಮುಂದೆ. ನಾಡಗೀತೆ ಮುಗಿಯುವುದರೊಳಗೆ ನಿಲ್ಲಲಾಗದೆ ಕಾಲು ಬದಲಿಸುವುದು, ಎರಡನೇ ಪೀರಿಯಡ್ಡಿಗೆ ತಲೆ ತೂಗುವುದು, ಆಟದ ಹೊತ್ತಿನಲ್ಲಿ ಗೋಡೆಗೆ ಒರಗಿ ಕೂಡುವುದು ಎಷ್ಟೋ ಸಲ ಅದೇ ಮಗು. ಮನೆಯಲ್ಲಿ ಕೇಳಿದರೆ ‘ಅವರಪ್ಪನೂ ಗಿಡ್ಡ ಅದಾನ್ರಿ, ಮನಿತನದಾಗ ಬಂದದ್ದು’ ಎನ್ನುತ್ತಾರೆ. ಶಾಲೆಯಲ್ಲಿ ‘ಭಾಳ ಸೋಮಾರಿ’ ಎಂಬ ಹೆಸರು ಬೀಳುತ್ತದೆ. ಎರಡೂ ಮಾತಿನಿಂದ ಆಗುವ ಹಾನಿ ಒಂದೇ: ಮಗುವನ್ನು ಯಾರೂ ಸರಿಯಾಗಿ ನೋಡುವುದಿಲ್ಲ.

ಕೊಪ್ಪಳ ಜಿಲ್ಲೆಗೆ ಇದು ಹೊಸ ಸಂಕಟವಲ್ಲ, ರಾಜ್ಯಕ್ಕೂ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಈ ಮಕ್ಕಳೇ ಮುಂದೆ ಒಂದನೇ ತರಗತಿಗೆ ಬರುತ್ತಾರೆ. ಹುಟ್ಟಿದ ಮೊದಲ ಎರಡು ವರ್ಷಗಳಲ್ಲಿ ಕುಂಠಿತವಾದ ಎತ್ತರ ಆಮೇಲೆ ಪೂರ್ತಿ ಮರಳಿ ಬರುವುದು ಕಷ್ಟ. ಆದರೆ ಸುಸ್ತಿನ ಮಾತು ಬೇರೆ. ಅದರ ಕಾರಣ ಹುಡುಕಿದರೆ, ಬಹಳಷ್ಟು ಮಕ್ಕಳಲ್ಲಿ ಅದನ್ನು ಕಳೆಯಬಹುದು. ತಂದೆ ತಾಯಿ ಎತ್ತರದ ಚಿಂತೆಯನ್ನು ಸ್ವಲ್ಪ ಬದಿಗಿಟ್ಟು ಮಗುವಿನ ಕಸುವಿನ ಕಡೆ ನೋಡಬೇಕು ಎಂದು ಒತ್ತಿ ಹೇಳುವುದು ಇದಕ್ಕೇ.

ಮೊದಲು ಗಡಿಯಾರ ನೋಡಿ. ರಾತ್ರಿ ಎಂಟಕ್ಕೆ ಉಂಡು ಮಲಗಿದ ಮಗು ಬೆಳಿಗ್ಗೆ ಕುಡಿಯುವುದು ಅರ್ಧ ಲೋಟ ಚಹಾ, ಜೊತೆಗೆ ಒಂದು ಟೋಸ್ಟ್. ಗಂಗಾವತಿ, ಕಾರಟಗಿ ಕಡೆ ಭತ್ತದ ನಾಟಿ ಬಂತೆಂದರೆ ತಾಯಂದಿರು ನಸುಕಿನಲ್ಲೇ ಟಂಟಂ ಹತ್ತುತ್ತಾರೆ. ಯಲಬುರ್ಗಾ, ಕುಷ್ಟಗಿಯ ಒಣಬೇಸಾಯದ ಊರುಗಳಲ್ಲಿ ಅಪ್ಪ–ಅವ್ವ ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋಗಿದ್ದರೆ ಮನೆಯಲ್ಲಿ ಅಜ್ಜಿಯೊಬ್ಬಳೇ. ಬೆಳಗಿನ ರೊಟ್ಟಿ ಆಗುವ ಹೊತ್ತಿಗೆ ಮಗು ಶಾಲೆಯ ದಾರಿ ಹಿಡಿದಿರುತ್ತದೆ. ಬಿಸಿಯೂಟದ ಗಂಟೆ ಹೊಡೆಯುವುದು ಮಧ್ಯಾಹ್ನ. ಅಲ್ಲಿಗೆ ಹದಿನಾರು–ಹದಿನೇಳು ತಾಸು ಆ ಸಣ್ಣ ಹೊಟ್ಟೆಗೆ ಗಟ್ಟಿಯಾದದ್ದು ಏನೂ ಬಿದ್ದಿಲ್ಲ. ಗಣಿತದ ಪಾಠ ಬೆಳಿಗ್ಗೆಯೇ ಮುಗಿದುಹೋಗಿರುತ್ತದೆ.

2013ರ ಆಗಸ್ಟ್‌ನಲ್ಲಿ ಶುರುವಾದ, ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯ ಯೋಜನೆಯ ಹಾಲು ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. 2024ರಿಂದ ವಾರದ ಕೆಲವು ದಿನ ಅದಕ್ಕೆ ರಾಗಿ ಮಾಲ್ಟ್ ಕೂಡಿಕೊಂಡಿದೆ. ಆದರೆ ತಡವಾಗಿ ಬರುವ ಮಗುವಿಗೆ, ಹಾಲಿನ ವಾಸನೆ ಆಗದ ಮಗುವಿಗೆ ಅದು ಸಿಗುವುದಿಲ್ಲ. ಯಾರು ಕುಡಿಯಲಿಲ್ಲ ಎಂದು ಸರ್ ಅಥವಾ ಅಕ್ಕೋರು ಒಮ್ಮೆ ಕಣ್ಣಾಡಿಸಿದರೆ ಸಾಕು, ಎರಡನೇ ಪೀರಿಯಡ್ಡಿನ ತೂಕಡಿಕೆಗೆ ಅರ್ಧ ಉತ್ತರ ಸಿಗುತ್ತದೆ.

ಸಣ್ಣ ಮಗುವಿನ ಹೊಟ್ಟೆಯೂ ಸಣ್ಣದು. ತಾಟಿನ ತುಂಬ ಅನ್ನ ಸುರಿದು ‘ಉಣ್ಣು’ ಎಂದು ಗದರಿದರೆ ಅದು ಅರ್ಧಕ್ಕೇ ಏಳುತ್ತದೆ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡಬೇಕು. ಅದಕ್ಕೆ ಬೇಕಾದದ್ದೆಲ್ಲ ಈ ಸೀಮೆಯಲ್ಲೇ ಇದೆ: ರಾತ್ರಿ ಉಳಿದ ಸಜ್ಜೆ ರೊಟ್ಟಿಗೆ ಎಣ್ಣೆ ಹಾಕಿ ಕಲಸಿದ ಶೇಂಗಾ ಚಟ್ನಿ, ಮೊಳಕೆ ಬಂದ ಮಡಕಿಕಾಳು, ಹೆಸರುಕಾಳಿನ ಪಲ್ಲೆ, ಗುರೆಳ್ಳು ಪುಡಿ, ಶಾಲೆಗೆ ಹೋಗುವಾಗ ಕಿಸೆಯಲ್ಲಿ ಒಂದು ಹಿಡಿ ಪುಟಾಣಿ ಮತ್ತು ಬೆಲ್ಲ. ಅಂಗಡಿಯ ಐದು ರೂಪಾಯಿಯ ಖಾರದ ಪಾಕೀಟು ಹಸಿವನ್ನು ಕೊಲ್ಲುತ್ತದೆಯೇ ಹೊರತು ಮಗುವನ್ನು ಬೆಳೆಸುವುದಿಲ್ಲ. ಊಟದ ಜೊತೆ ಚಹಾ ಕೊಡುವುದನ್ನಂತೂ ಬಿಟ್ಟೇಬಿಡಬೇಕು. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಅದರ ಬದಲು ಪಲ್ಲೆಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ.

ಮೊಟ್ಟೆಯ ವಿಷಯದಲ್ಲಿ ಈ ಜಿಲ್ಲೆಗೆ ಒಂದು ಚರಿತ್ರೆಯೇ ಇದೆ. 2021ರ ಡಿಸೆಂಬರ್‌ನಲ್ಲಿ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಸರ್ಕಾರಿ ಶಾಲೆಯ ಹುಡುಗಿಯರು ನಮಗೆ ಮೊಟ್ಟೆ ಬೇಕೇ ಬೇಕು ಎಂದು ಎದೆಗೊಟ್ಟು ಮಾತಾಡಿದ ವಿಡಿಯೊ ನಾಡಿನ ತುಂಬ ಹರಿದಾಡಿತು. ಪೌಷ್ಟಿಕತೆಯ ಬಗ್ಗೆ ತಜ್ಞರು ಆಡಿದ ಯಾವ ಮಾತಿಗೂ ಆ ಮಕ್ಕಳ ಮಾತಿಗಿದ್ದ ಬಲ ಇರಲಿಲ್ಲ, ಏಕೆಂದರೆ ಹಸಿವು ಅವರದು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನೊಂದಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ವ್ಯವಸ್ಥೆ ಬಂತು. ತಿನ್ನದವರಿಗೆ ಬಾಳೆಹಣ್ಣು ಇದೆ. ಮೊಟ್ಟೆ ತಿನ್ನದ ಮನೆತನದವರು ಹಾಲು, ಮೊಸರು, ಬೇಳೆ, ಕಾಳು ಹೆಚ್ಚಿಸಬೇಕು. ಬಾಳೆಹಣ್ಣು ಒಳ್ಳೆಯದೇ, ಆದರೆ ಒಂದು ಮೊಟ್ಟೆಯಲ್ಲಿರುವ ಸುಮಾರು ಆರು ಗ್ರಾಂ ಪ್ರೋಟೀನ್ ಅದರಲ್ಲಿ ಇಲ್ಲ.

ಊಟ ಸರಿಯಾದರೂ ಸುಸ್ತು ಹೋಗದಿದ್ದರೆ ರಕ್ತ ನೋಡಬೇಕು. ಐದರಿಂದ ಹನ್ನೊಂದು ವರ್ಷದ ಮಗುವಿನ ಹಿಮೋಗ್ಲೋಬಿನ್ 11.5 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಚಿಕೊಂಡಿದ್ದರೆ, ಮಗು ಮಣ್ಣು, ಸೀಮೆಸುಣ್ಣ ತಿನ್ನುತ್ತಿದ್ದರೆ ತಡಮಾಡಬೇಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ, ಸಣ್ಣವರಿಗೆ ಗುಲಾಬಿ ಬಣ್ಣದ್ದು, ದೊಡ್ಡವರಿಗೆ ನೀಲಿ, ಊಟವಾದ ಮೇಲೆಯೇ ನುಂಗಬೇಕು. ಮರುದಿನ ಮಲ ಕಪ್ಪಗಾದರೆ ಅಂಜಬೇಕಿಲ್ಲ. ಎಷ್ಟೋ ಮಕ್ಕಳು ಈ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವುದು ಖಾಲಿ ಹೊಟ್ಟೆಯಲ್ಲಿ ನುಂಗಿ ಒಮ್ಮೆ ವಾಕರಿಕೆ ಬಂದದ್ದಕ್ಕೆ. ಜಂತುಹುಳದ ಮಾತ್ರೆಯನ್ನೂ ತಪ್ಪಿಸಬಾರದು. ಹುಳ ಹೊಟ್ಟೆಯಲ್ಲಿರುವ ತನಕ ಉಂಡದ್ದರಲ್ಲಿ ಅದಕ್ಕೂ ಪಾಲು ಹೋಗುತ್ತದೆ.

ನೀರಿನ ಕಡೆಯೂ ಒಂದು ಕಣ್ಣಿರಲಿ. ಕುಷ್ಟಗಿ, ಯಲಬುರ್ಗಾದ ಹಲವು ಹಳ್ಳಿಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲಿನ ಮೇಲೆ ಕಂದು ಕಲೆ ಇರುವ ಮಗುವಿಗೆ ಕುಡಿಯಲು ಶುದ್ಧೀಕರಣ ಘಟಕದ ನೀರೇ ಬೇಕು.

ಗಿಡ್ಡತನ, ಸುಸ್ತು ಎರಡಕ್ಕೂ ಊಟವೊಂದೇ ಕಾರಣ ಎಂದು ತಿಳಿದು ಕೂಡಬಾರದು. ಥೈರಾಯ್ಡ್ ಕೊರತೆ, ಹುಟ್ಟಿನಿಂದ ಇರುವ ಹೃದಯದ ತೊಂದರೆ, ಕ್ಷಯ, ಮೂತ್ರಪಿಂಡದ ಕಾಯಿಲೆ ಇವೂ ಹೀಗೇ ಕಾಣಿಸಿಕೊಳ್ಳುತ್ತವೆ. ಶಾಲಾ ವಯಸ್ಸಿನ ಮಗು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯಬೇಕು. ನಾಲ್ಕನ್ನೂ ದಾಟದಿದ್ದರೆ, ಓಡಿದಾಗ ತುಟಿ ನೀಲಿಯಾದರೆ, ತೂಕ ಇಳಿಯುತ್ತಿದ್ದರೆ ಮಕ್ಕಳ ವೈದ್ಯರು ನೋಡಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರುತ್ತದೆ. ಹೆಚ್ಚಿನ ತಪಾಸಣೆ ಬೇಕಿದ್ದರೆ ಅವರೇ ಚೀಟಿ ಬರೆದು ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ, ಅದಕ್ಕೆ ಖರ್ಚಿಲ್ಲ. ಜಾಹೀರಾತಿನ ಡಬ್ಬಿ ಪುಡಿಗೆ ಸುರಿಯುವ ದುಡ್ಡನ್ನು ಕೊಪ್ಪಳಕ್ಕೆ ಹೋಗಿಬರುವ ಬಸ್ಸಿಗೆ ಕೊಡುವುದು ಮೇಲು.

ತರಗತಿಯಲ್ಲಿ ಇಂಥ ಮಗುವಿಗೆ ಬೇಕಾದದ್ದು ಕನಿಕರವಲ್ಲ, ಸ್ವಲ್ಪ ಅನುಕೂಲ. ಬಿಸಿಲಲ್ಲಿ ಬಹಳ ಹೊತ್ತು ನಿಲ್ಲಿಸದಿರುವುದು, ಕಷ್ಟದ ಪಾಠವನ್ನು ಹಾಲು ಕುಡಿದ ನಂತರ ಇಟ್ಟುಕೊಳ್ಳುವುದು, ಆಟದಿಂದ ಹೊರಗಿಡದೆ ದಣಿದಾಗ ಕೂತು ಮತ್ತೆ ಸೇರಲು ಬಿಡುವುದು. ಎಲ್ಲಕ್ಕಿಂತ ಮುಖ್ಯವಾಗಿ ‘ಗಿಡ್ಡ್ಯಾ’ ಎಂಬ ಅಡ್ಡಹೆಸರನ್ನು ಶಿಕ್ಷಕರೇ ಮೊದಲು ನಿಲ್ಲಿಸಬೇಕು.

ಪಾಲಕರಲ್ಲಿ ಒಂದು ವಿನಂತಿ. ಮುಂದಿನ ಸಭೆಗೆ ಶಾಲೆಗೆ ಹೋದಾಗ ಮಗುವಿನ ಅಂಕಗಳ ಜೊತೆ ಎತ್ತರ, ತೂಕ, ಹಿಮೋಗ್ಲೋಬಿನ್ ಬರೆದ ದಾಖಲೆಯನ್ನೂ ಕೇಳಿ ನೋಡಿ. ಬರೆದಿಲ್ಲವೆಂದರೆ, ಆರೋಗ್ಯ ತಂಡ ಬರುವ ದಿನ ಯಾವುದೆಂದು ಕೇಳಿ, ಅಂದು ಮಗುವನ್ನು ಶಾಲೆ ತಪ್ಪಿಸಬೇಡಿ.